ಹಸಿರು ಕಂಬಳಿ ಅಂತ ಇನ್ಮೇಲೆ ಬರೆಯಲ್ಲ

ಮುನ್ನಾರಿಗೆ ಹೋಗಿ ಬಂದು ಎರಡು ವಾರ ಆಯ್ತು. "ಫೋಟೋ ಎಲ್ಲಿ, ಪ್ರವಾಸ ಕಥನ ಎಲ್ಲಿ" ಅಂತ ಕೇಳಿದವರಿಗೆಲ್ಲ "ಬರ್ತಾ ಇದೆ, ಬರ್ತಾ ಇದೆ" ಅಂತ ಹೇಳಿಕೊಂಡು ದಿನ ದೂಡಿದೆ. ನಿಜ ಹೇಳಬೇಕೆಂದರೆ ವಾಪಸ್ ಬಂದ ಮೊದಲ ದಿನವೇ ಬರೆಯಲು ಕೂತಿದ್ದೆ. ಮೊದಲ ಸಾಲು ತಾನೇ ತಾನಾಗಿ ಬಂತು: ಎತ್ತ ಕಣ್ಣು ಹಾಯಿಸಿದರೂ ಹಸಿರು ಕಂಬಳಿ ಹಾಸಿದಂತೆ ಚಹಾ ತೋಟಗಳು. ಟೈಪ್ ಮಾಡಿ, ಒಂದು ಸಲ ಓದಿ, ಅಳಿಸಿಬಿಟ್ಟೆ. ಆಮೇಲೆ ಮುಂದಿನ ಸಾಲು ಬರಲೇ ಇಲ್ಲ.

ಆ ಸಾಲಿನಲ್ಲಿ ತಪ್ಪೇನಿದೆ ಅಂತೀರಾ? ಹಿಂದೆ ಊಟಿಗೆ ಹೋಗಿ ಬಂದಾಗ ನಾನೂ ಅದನ್ನೇ ಬರೆದಿದ್ದೆ. ನೀವೂ ಎಲ್ಲೋ ಒಂದು ಕಡೆ ಬರೆದಿರುತ್ತೀರಿ, ಸುಮ್ಮನೆ ನಿಮ್ಮ ಹಳೇ ಪೋಸ್ಟುಗಳನ್ನು ಹುಡುಕಿ ನೋಡಿ :) ಆದರೆ ಈ ಸಲ ನನಗೆ ಅನ್ನಿಸಿದ್ದು ಇಷ್ಟು. ಕಂಬಳಿ ಅಂದಮೇಲೆ ಅದನ್ನು ನೇಯ್ದವರು, ಹಾಸಿದವರು ಯಾರೋ ಇರಬೇಕಲ್ಲ? ಅವರು ನಮ್ಮ ಪ್ರವಾಸ ಕಥನಗಳಲ್ಲಿ ಯಾಕೆ ಬರಲ್ಲ? ಬಂದರೂ ಬೆನ್ನಿಗೆ ಚೀಲ ಕಟ್ಟಿಕೊಂಡು ನಗುವ ಒಂದು ಫೋಟೋ ಆಗಿ ಮಾತ್ರ ಯಾಕೆ ಬರ್ತಾರೆ?

ಮೊದಲು ಊರಿನ ಬಗ್ಗೆ ಹೇಳಿಬಿಡ್ತೀನಿ, ಇಲ್ಲದಿದ್ದರೆ ಪ್ರವಾಸಕ್ಕೆ ಹೋಗಿದ್ದೇ ಸುಳ್ಳು ಅಂತೀರಿ.

ನಾವು ಹೋದದ್ದು ನವೆಂಬರಿನಲ್ಲಿ. ಬೆಂಗಳೂರಿನಿಂದ ರಾತ್ರಿ ಹೊರಟು, ಬೆಳಗ್ಗೆ ಉಡುಮಲೈಪೇಟೆ ದಾಟಿ, ಚಿನ್ನಾರ್ ಅಭಯಾರಣ್ಯದ ಕುರುಚಲು ಕಾಡಿನೊಳಗೆ ಹಾದು ಮರಯೂರು ತಲುಪಿದೆವು. ಮರಯೂರಿನಲ್ಲಿ ರಸ್ತೆ ಬದಿಯಲ್ಲೇ ಶ್ರೀಗಂಧದ ಮರಗಳು, ಸುತ್ತ ಬೇಲಿ. ಕಬ್ಬಿನ ಗದ್ದೆ, ಆಲೆಮನೆ. ಬಿಸಿ ಬೆಲ್ಲ ತಿಂದು ಬಾಯಿ ಸುಟ್ಟುಕೊಂಡದ್ದೂ ಆಯ್ತು. ಅಲ್ಲಿಂದ ಘಾಟಿ ಹತ್ತುತ್ತಿದ್ದಂತೆ ಚಳಿ ಶುರು, ಚಹಾ ಶುರು.

ಮುನ್ನಾರ್ ಅಂದರೆ ಮೂರು ಆರು. ನಮ್ಮ ಆರು ಅಲ್ಲ, ಅಲ್ಲಿ ಆರು ಅಂದರೆ ನದಿ. (ನಮ್ಮ ಗೆಳೆಯನೊಬ್ಬ "ಮೂರಾರ್ಲ ಹದಿನೆಂಟು" ಅಂತ ಇಡೀ ದಾರಿ ತಲೆ ತಿಂದ.) ಮುತಿರಪುಳ, ನಲ್ಲತಣ್ಣಿ, ಕುಂಡಳ, ಈ ಮೂರೂ ಪೇಟೆಯ ಹತ್ತಿರವೇ ಸೇರುತ್ತವೆ. ನಲ್ಲತಣ್ಣಿ ಅಂದರೆ ತಮಿಳಿನಲ್ಲಿ ಒಳ್ಳೆಯ ನೀರು. ಕೇರಳದ ನದಿಗೆ ತಮಿಳು ಹೆಸರು ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಮೂರೂ ಸೇರಿದ ಮೇಲೆ ಮುತಿರಪುಳ ಅನ್ನುವ ಹೆಸರಲ್ಲೇ ಕೆಳಗಿಳಿದು ಪೆರಿಯಾರ್ ಸೇರುತ್ತದೆ. ಇದೇ ನೀರಿನಿಂದ 1940ರಲ್ಲಿ ಪಳ್ಳಿವಾಸಲಿನಲ್ಲಿ ಕೇರಳದ ಮೊದಲ ಜಲವಿದ್ಯುತ್ ಕೇಂದ್ರ ಶುರುವಾಯಿತು. ತಲೆ ಎತ್ತಿದರೆ ಆನಮುಡಿ, 2695 ಮೀಟರ್. ಹಿಮಾಲಯ ಬಿಟ್ಟು ಈ ಕಡೆ ದಕ್ಷಿಣಕ್ಕೆಲ್ಲ ಅದೇ ದೊಡ್ಡಣ್ಣ. ನಮ್ಮ ಮುಳ್ಳಯ್ಯನಗಿರಿಗಿಂತ ಏಳುನೂರು ಮೀಟರಿಗೂ ಜಾಸ್ತಿ.

ಎರಡನೇ ದಿನ ಇರವಿಕುಳಂ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ರಾಜಮಲೆವರೆಗೆ ಅರಣ್ಯ ಇಲಾಖೆಯ ಬಸ್ಸು. ಅಲ್ಲಿ ಇಳಿದಾಗ ನನಗೆ, ಹೇಳಲು ನಾಚಿಕೆ, ನಿರಾಸೆ ಆಯ್ತು! ಕೆಳಗೆಲ್ಲ ಅಷ್ಟು ಹಸಿರು ನೋಡಿಕೊಂಡು ಬಂದು ಇಲ್ಲಿ ನೋಡಿದರೆ ಬರೀ ಕಂದು ಹುಲ್ಲು, ಬಂಡೆ, ಗುಡ್ಡದ ಮಡಿಕೆಗಳಲ್ಲಿ ಅಲ್ಲಲ್ಲಿ ಕಪ್ಪು ಕಾಡು. ಇದೇನಪ್ಪಾ ಬೋಳು ಬೋಳು ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ತಲೆಗೆ ಹೋಯ್ತು. ಈ ಬೋಳೇ ನಿಜವಾದ ಬೆಟ್ಟ! ಹುಲ್ಲುಗಾವಲು ಮತ್ತು ಶೋಲಾ ಕಾಡು. ಮಳೆ ನೀರನ್ನು ಸ್ಪಂಜಿನ ಹಾಗೆ ಹೀರಿಟ್ಟುಕೊಂಡು ವರ್ಷವಿಡೀ ತೊಟ್ಟಿಕ್ಕಿಸುವುದು ಇದು. ಆ ಮೂರು ಆರುಗಳ ಬೇರು ಇಂಥ ಕಡೆ ಇದೆ. ಕೆಳಗೆ ನಾನು ಬಾಯಿ ಬಿಟ್ಟುಕೊಂಡು ನೋಡಿದ ಹಸಿರು ಇಂಥದ್ದನ್ನು ಕಡಿದು ಆಮೇಲೆ ಹಾಕಿದ್ದು.

ಈ 97 ಚದರ ಕಿಲೋಮೀಟರ್ ಹೇಗೆ ಉಳಿಯಿತು ಅನ್ನುವುದೂ ತಮಾಷೆಯೇ. ತೋಟದ ಬಿಳಿ ದೊರೆಗಳು ಬೇಟೆಗೆ ಅಂತ ಇಟ್ಟುಕೊಂಡಿದ್ದ ಜಾಗ ಇದು. ಆ ಕಾರಣಕ್ಕೆ ಚಹಾ ಹಾಕದೆ ಬಿಟ್ಟರು, 1978ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು. ಈಗ ಅಲ್ಲಿ ವರೆಯಾಡುಗಳು, ಅಂದರೆ ನೀಲಗಿರಿ ತಾರ್, ಮನುಷ್ಯರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮೇಯುತ್ತವೆ.

ಚಹಾ ಗಿಡ ಅನ್ನುತ್ತೇವಲ್ಲ, ಬಿಟ್ಟರೆ ಅದು ಮರ. ಸೊಂಟದೆತ್ತರಕ್ಕೆ ಕತ್ತರಿಸಿ ಕತ್ತರಿಸಿ ಮೇಜಿನ ಹಾಗೆ ಮಟ್ಟ ಮಾಡಿ ಇಟ್ಟಿರುತ್ತಾರೆ, ಕೈಗೆ ಎಲೆ ಸಿಗಲಿ ಅಂತ. ಎರಡು ಎಲೆ, ಒಂದು ಮೊಗ್ಗು ಕೀಳಬೇಕು. ನಾಲ್ಕು ಕಿಲೋಗೂ ಹೆಚ್ಚು ಹಸಿ ಎಲೆ ಸೇರಿದರೆ ಒಂದು ಕಿಲೋ ಚಹಾಪುಡಿ. ಅಂದರೆ ನಾವು 'ಪ್ರಕೃತಿಯ ಮಡಿಲು' ಅಂತ ಬರೆಯುವುದು ಒಂದು ಕಾರ್ಖಾನೆಯ ಅಂಗಳದ ಬಗ್ಗೆ. ಕಾರ್ಖಾನೆ ಅಂದರೆ ಕೆಟ್ಟದ್ದು ಅಂತಲ್ಲ. ಆದರೆ ಕಾರ್ಖಾನೆಗೆ ಪ್ರವಾಸ ಹೋದರೆ ಅಲ್ಲಿ ಕೆಲಸ ಮಾಡುವವರು ಕಣ್ಣಿಗೆ ಬೀಳುತ್ತಾರೆ. ಮಡಿಲಿಗೆ ಹೋದರೆ ಬೀಳಲ್ಲ!

1877ರಲ್ಲಿ ಜಾನ್ ಡೇನಿಯಲ್ ಮನ್ರೋ ಅನ್ನುವಾತ ಪೂಂಜಾರ್ ಅರಸರಿಂದ ಈ ಬೆಟ್ಟಸಾಲನ್ನು ಗೇಣಿಗೆ ಪಡೆದ. ಮೊದಲು ಕಾಫಿ, ಸಿಂಕೋನಾ ಎಲ್ಲ ಹಾಕಿ ನೋಡಿದರು, ಕೊನೆಗೆ ನಿಂತದ್ದು ಚಹಾ. 1897ರಲ್ಲಿ ಕಣ್ಣನ್ ದೇವನ್ ಕಂಪನಿ ಬಂತು. ಕೆಲಸಕ್ಕೆ ಜನ ಬೇಕಲ್ಲ? ಕೆಳಗಿನ ತಮಿಳು ಬಯಲಿನಿಂದ ಕರೆತಂದರು. ಬಹುಪಾಲು ದಲಿತರು. ಅವರ ಮೊಮ್ಮಕ್ಕಳ ಮಕ್ಕಳು ಇವತ್ತಿಗೂ ಅಲ್ಲೇ ಇದ್ದಾರೆ. ಮುನ್ನಾರಿನ ತುಂಬ ಕಿವಿಗೆ ಬೀಳುವ ತಮಿಳು ಅದೇ.

ನಮ್ಮ ಜೀಪಿನ ಚಾಲಕನೂ ಅಂಥ ಮನೆಯವನೇ. ನನ್ನ ಬೆಂಗಳೂರು ತಮಿಳಿಗೆ ನಕ್ಕು ನಕ್ಕು ಸಾಕಾದ ಮೇಲೆ ಮಾತಿಗೆ ಸಿಕ್ಕಿದ. ತೋಟದ ನಡುವೆ ಉದ್ದಕ್ಕೆ ಒಂದೇ ಸೂರಿನ ಸಾಲು ಮನೆಗಳು ಕಾಣುತ್ತಿದ್ದವು. ಬಾಗಿಲಿಗೊಂದು ಸಂಸಾರ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಚಿಕ್ಕ ಜಗಲಿ. ಅದೇನು ಅಂದೆ. "ಲಯಂ" ಅಂದ. ನನ್ನ ಕನ್ನಡ ಕಿವಿಗೆ ಅದು ಲಾಯ ಅಂತ ಕೇಳಿಸಿತು. ಕುದುರೆ ಲಾಯ. ಬೇಡದ ಮಾತು ಬಾಯಿಗೆ ಬರುವುದರೊಳಗೆ ಇನ್ನೊಂದು ನೆನಪಾಯಿತು. ಇದು ನಮ್ಮೂರಿನ 'ಲೈನು'.

ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಕಾಫಿ ತೋಟಗಳ ನಡುವೆ. ನಮ್ಮ ಕಡೆ ಆಳುಗಳ ಸಾಲುಮನೆಗೆ ಲೈನು ಅಂತಲೇ ಹೆಸರು. ನಮ್ಮ ಮನೆಯ ತೋಟದಲ್ಲೂ ನಾಲ್ಕು ಬಾಗಿಲಿನ ಒಂದು ಲೈನಿತ್ತು. ಹದಿನೇಳು ವರ್ಷ ಆ ಊರಲ್ಲಿದ್ದೆ. ಅಲ್ಲಿನ ಮಕ್ಕಳ ಜೊತೆ ಹೊಳೆಯಲ್ಲಿ ಏಡಿ ಹಿಡಿದಿದ್ದೇನೆ. ಆದರೆ ಒಂದು ದಿನವೂ ಆ ಬಾಗಿಲುಗಳ ಒಳಗೆ ಹೋಗಿಲ್ಲ. ಹೋಗಬಾರದು ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಅದು ಹಾಗೆ ಅಷ್ಟೇ. ಮುನ್ನಾರಿನ ರಸ್ತೆಯಲ್ಲಿ ಜೀಪಿನಲ್ಲಿ ಕೂತು ಇದು ನೆನಪಾದಾಗ ಬೇರೆ ಯಾರನ್ನೋ ಬೈದುಕೊಂಡು ಸಮಾಧಾನ ಮಾಡಿಕೊಳ್ಳುವ ದಾರಿ ಮುಚ್ಚಿಹೋಯಿತು.

ಆ ಹುಡುಗನ ತಾಯಿ ಎಲೆ ಕೀಳುತ್ತಿದ್ದವರು, ಈಗ ನಿವೃತ್ತಿ. ನಿವೃತ್ತಿ ಆದರೆ ಲಯಂ ಬಿಡಬೇಕು. ಮನೆಯಲ್ಲಿ ಇನ್ನೊಬ್ಬರು ತೋಟದ ಕೆಲಸಕ್ಕೆ ಸೇರಿದರೆ ಮಾತ್ರ ಅಲ್ಲೇ ಇರಬಹುದು. ಇವನಿಗೆ ಜೀಪ್ ಓಡಿಸುವ ಆಸೆ, ಹಾಗಾಗಿ ಮನೆ ಉಳಿಸಲು ಅಣ್ಣನ ಹೆಂಡತಿ ಎಲೆ ಕೀಳಲು ಹೋದಳಂತೆ. ನೂರು ವರ್ಷದಿಂದ ಅದೇ ಬೆಟ್ಟದಲ್ಲಿದ್ದರೂ ಸ್ವಂತಕ್ಕೆ ಒಂದು ಗೇಣು ನೆಲ ಇಲ್ಲ. ತೋಟದ ಕಾರ್ಮಿಕರಿಗೆ ಮನೆ ಕೊಡಬೇಕು ಅಂತ 1951ರ ಕಾಯ್ದೆ ಮಾಲೀಕರಿಗೆ ಕಡ್ಡಾಯ ಮಾಡಿತು, ಅದು ಒಳ್ಳೆಯದೇ. ಆದರೆ ಕೆಲಸದ ಜೊತೆ ಬರುವ ಮನೆ ಕೆಲಸದ ಜೊತೆಗೇ ಹೋಗುತ್ತದೆ.

ಇದನ್ನೆಲ್ಲ ಅವರು ಬಾಯಿ ಮುಚ್ಚಿಕೊಂಡು ಸಹಿಸಿದರು ಅಂತ ಅಂದುಕೊಳ್ಳಬೇಡಿ. 2015ರ ಸೆಪ್ಟೆಂಬರಿನಲ್ಲಿ ಬೋನಸ್ಸನ್ನು ಶೇಕಡಾ 10ಕ್ಕೆ ಇಳಿಸಿದಾಗ ಸಾವಿರಾರು ಹೆಂಗಸರು ಬಂದು ಮುನ್ನಾರಿನ ರಸ್ತೆಯಲ್ಲಿ ಕೂತರು. ಆಗ ದಿನಗೂಲಿ 230 ರೂಪಾಯಿ ಚಿಲ್ಲರೆ. ಪೆಂಬಿಳೈ ಒರುಮೈ, ಹೆಣ್ಣುಮಕ್ಕಳ ಒಗ್ಗಟ್ಟು ಅಂತ ಹೆಸರು. ಪಕ್ಷದವರನ್ನೂ ಸಂಘದ ಗಂಡು ನಾಯಕರನ್ನೂ ಹತ್ತಿರ ಸೇರಿಸಲಿಲ್ಲ. ಒಂಬತ್ತು ದಿನ ಕೂತು ಶೇಕಡಾ 20 ಪಡೆದುಕೊಂಡೇ ಎದ್ದರು. ಆಮೇಲೆ ಕೂಲಿ 301 ಆಯ್ತು, ಕೇಳಿದ್ದು 500. ಇನ್ನೊಂದು ವಿಷಯ ಗೊತ್ತಾ? 2005ರಲ್ಲಿ ತೋಟಗಳನ್ನು ಹೊಸ ಕಂಪನಿಗೆ ವಹಿಸಿದಾಗ ಕಾರ್ಮಿಕರಿಗೇ ಷೇರು ಕೊಟ್ಟಿದ್ದರು. ಅಂದರೆ ಕಾಗದದ ಮೇಲೆ ತೋಟದ ಪಾಲುದಾರರು, ರಸ್ತೆಯ ಮೇಲೆ ಬೋನಸ್ಸಿಗೆ ಕೂತವರು, ಇಬ್ಬರೂ ಒಂದೇ ಜನ!

ಈಗ ನನ್ನ ಮೊದಲ ಸಾಲು ಅಳಿಸಿದ್ದಕ್ಕೆ ನಿಜವಾದ ಕಾರಣಕ್ಕೆ ಬರ್ತೀನಿ.

ರಾಜಮಲೆಯಿಂದ ವಾಪಸ್ ಬರುವಾಗ ಚಾಲಕ ಗುಡ್ಡದ ಆಚೆ ಕೈ ತೋರಿಸಿ "ಪೆಟ್ಟಿಮುಡಿ" ಅಂದ. ಅಷ್ಟೇ ಅಂದ. ನನಗೆ ಹೆಸರು ಎಲ್ಲೋ ಕೇಳಿದ ಹಾಗಿತ್ತು, ಏನು ಅಂತ ನೆನಪಾಗಲಿಲ್ಲ. ರೂಮಿಗೆ ಬಂದು ಹುಡುಕಿ ಓದಿದೆ.

2020ರ ಆಗಸ್ಟ್ 6ರ ರಾತ್ರಿ. ವಾರದಿಂದ ಸುರಿಯುತ್ತಿದ್ದ ಮಳೆ. ಕರೆಂಟಿಲ್ಲ, ಫೋನಿಲ್ಲ. ಮೇಲಿನ ಗುಡ್ಡ ಜಾರಿ ಹಳ್ಳದ ಜಾಡು ಹಿಡಿದು ಬಂದು ಲಯಂಗಳ ಸಾಲುಗಳ ಮೇಲೆ ಬಿತ್ತು. ಒಳಗೆ ಎಲ್ಲ ಮಲಗಿದ್ದರು. ಹೊರಗಿನ ಜಗತ್ತಿಗೆ ಸುದ್ದಿ ಗೊತ್ತಾಗಿದ್ದು ಬೆಳಗಾದ ಮೇಲೆ. ಸತ್ತವರು 70 ಜನ. ಅದರಲ್ಲಿ ನಾಲ್ವರ ದೇಹ ಸಿಗಲೇ ಇಲ್ಲ. ಕುವಿ ಅನ್ನುವ ಒಂದು ನಾಯಿ ದಿನಗಟ್ಟಲೆ ಹುಡುಕಿ, ತನ್ನ ಜೊತೆ ಆಡುತ್ತಿದ್ದ ಪುಟ್ಟ ಮಗುವಿನ ದೇಹ ಹೊಳೆಯಲ್ಲಿರುವುದನ್ನು ತೋರಿಸಿಕೊಟ್ಟಿತು. ಇದನ್ನು ಓದಿದ ಮೇಲೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ, ಆಗಸ್ಟ್ 7ರ ಸಂಜೆ, ಕೋಳಿಕ್ಕೋಡಿನಲ್ಲಿ ವಿಮಾನ ಅಪಘಾತ ಆಯ್ತು. ನಮಗೆಲ್ಲ ನೆನಪಿರುವುದು ಅದು. ಟಿವಿಯವರೆಲ್ಲ ಅಲ್ಲಿಗೆ ಹೋದರು. ರಾಜ್ಯ ಸರ್ಕಾರ ವಿಮಾನದಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ, ಪೆಟ್ಟಿಮುಡಿಯವರಿಗೆ 5 ಲಕ್ಷ ಅಂತ ಘೋಷಿಸಿತು. ಯಾಕೆ ಈ ವ್ಯತ್ಯಾಸ ಅಂತ ಕೇರಳದಲ್ಲಿ ದೊಡ್ಡ ಗಲಾಟೆಯೇ ಆಯ್ತು. ಆಮೇಲೆ ಬದುಕುಳಿದ ಎಂಟು ಕುಟುಂಬಗಳಿಗೆ ಕುಟ್ಟಿಯಾರ್ ಕಣಿವೆಯಲ್ಲಿ ಸರ್ಕಾರ ಜಾಗ ಕೊಟ್ಟಿತು, ಕಂಪನಿ ಮನೆ ಕಟ್ಟಿಸಿಕೊಟ್ಟಿತು. ಸ್ವಂತ ಮನೆ. ಅದಕ್ಕೆ ಅವರು ಕೊಟ್ಟ ಬೆಲೆ ನೋಡಿ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಪೆಟ್ಟಿಮುಡಿಯ ಮೇಲೆ ಕಲ್ಲುಕ್ವಾರಿ ಇರಲಿಲ್ಲ, ರೆಸಾರ್ಟೂ ಇರಲಿಲ್ಲ. ಗುಡ್ಡ ಜಾರಿದ್ದು ಮೇಲಿನ ಕಾಡಿನ ಕಡೆಯಿಂದಲೇ. ಹಾಗಾಗಿ "ಪ್ರವಾಸಿಗರಿಂದ ಆಯ್ತು" ಅಂತ ಎದೆ ಬಡಿದುಕೊಂಡರೆ ಅದು ಸುಳ್ಳು. ಪ್ರಶ್ನೆ ಬೇರೆ. ಗುಡ್ಡ ಎಲ್ಲೇ ಜಾರಲಿ, ಅದರ ಕೆಳಗೆ ಮಲಗಿರುವವರು ಯಾವಾಗಲೂ ಇವರೇ ಯಾಕೆ? ಮನೆ ಎಲ್ಲಿ ಕಟ್ಟಿಕೊಳ್ಳಬೇಕು ಅಂತ ಇವರನ್ನು ಯಾರೂ ಕೇಳಿಲ್ಲ. ಹಳ್ಳದ ಪಕ್ಕ ಲಯಂ ಕಟ್ಟಿಕೊಟ್ಟರು, ಇವರು ಮಲಗಿದರು.

ಬೆಟ್ಟ ಇದನ್ನು ಹೊಸದಾಗೇನೂ ಮಾಡಿದ್ದಲ್ಲ. 1924ರ ಜುಲೈನ ಮಹಾಮಳೆಯಲ್ಲಿ ಮುನ್ನಾರ್ ಪೇಟೆಯೇ ಕೊಚ್ಚಿಹೋಗಿತ್ತು. ಆಗ ಅಲ್ಲಿ ರೈಲಿತ್ತು ಅಂದರೆ ನಂಬ್ತೀರಾ? ಕುಂಡಳ ಕಣಿವೆಯಲ್ಲಿ ಟಾಪ್ ಸ್ಟೇಷನ್‌ವರೆಗೆ ಚಹಾ ಸಾಗಿಸುವ ಪುಟ್ಟ ರೈಲು. ಅಲ್ಲಿಂದ ಹಗ್ಗದ ಹಾದಿಯಲ್ಲಿ ಪೆಟ್ಟಿಗೆಗಳು ಕೆಳಗೆ ತಮಿಳುನಾಡಿಗೆ ಇಳಿಯುತ್ತಿದ್ದವು. ಆ ಮಳೆಗೆ ಹಳಿಗಳೆಲ್ಲ ಹೋದವು, ಮತ್ತೆ ಕಟ್ಟಲಿಲ್ಲ. ಈಗ ಟಾಪ್ ಸ್ಟೇಷನ್ ಅಂದರೆ ಮಂಜಿನಲ್ಲಿ ಸೆಲ್ಫಿ ತೆಗೆಯುವ ಜಾಗ. ನಾವೂ ತೆಗೆದೆವು, ಸ್ಟೇಷನ್ ಅಂತ ಯಾಕೆ ಹೆಸರು ಅಂತ ಅಲ್ಲಿ ನಿಂತಾಗ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

"ಕೇರಳದ ಕಥೆ ನಮಗ್ಯಾಕೆ ಮಾರಾಯ" ಅನ್ನುವವರಿಗೆ ಒಂದೇ ಮಾತು. ಪೆಟ್ಟಿಮುಡಿ ಜಾರಿದ ಅದೇ ದಿನ ಬೆಳಗಿನ ಜಾವ ನಮ್ಮ ತಲಕಾವೇರಿಯಲ್ಲಿ ಬ್ರಹ್ಮಗಿರಿ ಜಾರಿ ಅರ್ಚಕರ ಮನೆಯೇ ಮಣ್ಣಾಯಿತು. ಒಂದೇ ಪಶ್ಚಿಮಘಟ್ಟ, ಒಂದೇ ಮಳೆ. ಅದಕ್ಕೂ ಎರಡು ವರ್ಷ ಮೊದಲು, 2018ರ ಆಗಸ್ಟಿನಲ್ಲಿ, ಕೊಡಗಿನ ಗುಡ್ಡಗಳು ಕುಸಿದದ್ದು ನಿಮಗೆಲ್ಲ ನೆನಪಿರಬೇಕು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೋದಾಗ ಅವರಲ್ಲಿ ಚಾಮರಾಜನಗರ, ಮಂಡ್ಯ ಕಡೆಯವರೂ ಇದ್ದರು. ಅಲ್ಲೂ ಚಹಾ ತೋಟ, ಅಲ್ಲೂ ಲಯಂ.

"ಹಾಗಾದರೆ ಮುನ್ನಾರಿಗೆ ಹೋಗಲೇಬಾರದಾ?" ಅಂತ ನನ್ನ ಹೆಂಡತಿಯೇ ಕೇಳಿದಳು. ಅವಳು ಕೇಳಿದ ಮೇಲೆ ನೀವೂ ಕೇಳೇ ಕೇಳ್ತೀರಿ. ಹೋಗಿ, ಖಂಡಿತ ಹೋಗಿ. ಆ ಹುಡುಗನ ಜೀಪು ಓಡುವುದು ನಮ್ಮಂಥವರಿಂದ. ಲಯಂ ಬಿಟ್ಟು ಆಚೆ ಬರಲು ಅವನಿಗೆ ಸಿಕ್ಕ ಒಂದೇ ಬಾಗಿಲು ಅದು. ನಾವೆಲ್ಲ ಹೋಗುವುದನ್ನು ಬಿಟ್ಟು ಪುಣ್ಯ ಕಟ್ಟಿಕೊಂಡರೆ ಅವನಿಗೆ ಸಾಲದ ಕಂತು ಕಟ್ಟಲಾಗಲ್ಲ. ಬೆಟ್ಟ ನೋಡಿ ಖುಷಿ ಪಡುವುದೂ ತಪ್ಪಲ್ಲ. ಬೆಳಗ್ಗೆ ಆರಕ್ಕೆ ಮಂಜು ಕಣಿವೆಯಿಂದ ಮೇಲೇಳುವುದನ್ನು ನೋಡಿ ನಾನೂ ಮೂಕನಾಗಿದ್ದೆ, ಅದನ್ನು ಇಲ್ಲ ಅನ್ನಲಾರೆ.

ನಾನು ಹೇಳುವುದು ಸಣ್ಣ ಸಂಗತಿಗಳು.

ಎಲೆ ಕೀಳುವವರ ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಅವರು ಆಗ ಕೆಲಸದಲ್ಲಿದ್ದಾರೆ, ತೂಕದ ಲೆಕ್ಕದಲ್ಲಿ ಕೂಲಿ. ನೀವು ಆಫೀಸಲ್ಲಿ ಕೂತಾಗ ಯಾರೋ ಬಂದು ಮುಖಕ್ಕೆ ಕ್ಯಾಮರಾ ಹಿಡಿದು "ನಗಿ ನಗಿ" ಅಂದರೆ ಹೇಗಿರುತ್ತೆ? ಗಿಡಗಳ ಸಾಲಿನೊಳಗೆ ನುಗ್ಗಿ ಸಿನಿಮಾ ಹಾಡಿನ ಭಂಗಿ ಕೊಡುವುದೂ ಬೇಡ.

ಮಳೆಗಾಲದಲ್ಲಿ ರೆಡ್ ಅಲರ್ಟ್ ಅಂದ ದಿನ "ಮಾನ್ಸೂನ್ ಮ್ಯಾಜಿಕ್" ಅಂತ ಹೊರಡಬೇಡಿ. ಗುಡ್ಡ ಜಾರಿದರೆ ನಿಮ್ಮನ್ನು ಹುಡುಕಲು ಬರುವವರು ಅದೇ ಊರಿನವರು, ಅವರ ಮನೆಯೂ ಗುಡ್ಡದ ಕೆಳಗೇ ಇದೆ.

ರೂಮ್ ಬುಕ್ ಮಾಡುವಾಗ 'ಕಣಿವೆಯ ಅಂಚಿನ ನೋಟ' ಅಂತ ಮರುಳಾಗುವ ಮುಂಚೆ ಆ ಕಟ್ಟಡ ಯಾವ ಇಳಿಜಾರನ್ನು ಕೊರೆದು ನಿಂತಿದೆ ಅಂತ ಒಮ್ಮೆ ನೋಡಿ. 2007ರಲ್ಲಿ ಅಚ್ಯುತಾನಂದನ್ ಸರ್ಕಾರ ಅಕ್ರಮ ಕಟ್ಟಡಗಳಿಗೆ ಜೆಸಿಬಿ ನುಗ್ಗಿಸಿತ್ತು. ಅರ್ಧಕ್ಕೇ ನಿಂತುಹೋಯಿತು. ಕೆಡವಿಸುವುದು ನಮ್ಮ ಕೈಲಿಲ್ಲ ಸರಿ, ಅಲ್ಲಿಗೆ ದುಡ್ಡು ಕೊಡದಿರುವುದು ನಮ್ಮ ಕೈಲೇ ಇದೆ.

ಇನ್ನು ಕೊನೆಯದು, ನಮ್ಮಂಥ ಬರೆಯುವವರಿಗೆ. ನಾವು ಬರೆದದ್ದನ್ನು ಓದಿ ನಾಲ್ಕು ಜನ ಹೋಗ್ತಾರೆ. ನಾವು ಏನು ನೋಡಿದೆವು ಅಂತ ಹೇಳ್ತೀವೋ ಅವರೂ ಅದನ್ನೇ ನೋಡ್ತಾರೆ. ಕಂಬಳಿ ಅಂತ ಬರೆದರೆ ಕಂಬಳಿ ನೋಡಿ ಬರ್ತಾರೆ. ಲಯಂ ಅಂತ ಒಂದು ಸಾಲು ಬರೆದರೆ, ಹತ್ತರಲ್ಲಿ ಒಬ್ಬರಾದರೂ ಆ ಸಾಲುಮನೆಗಳ ಕಡೆ ತಿರುಗಿ ನೋಡ್ತಾರೆ. ಅದರಿಂದ ಯಾರ ಕೂಲಿಯೂ ಏರಲ್ಲ, ಗೊತ್ತು. ಆದರೆ ಪೆಟ್ಟಿಮುಡಿ ಅಂದಾಗ ನನ್ನ ಹಾಗೆ ಕಣ್ಣು ಕಣ್ಣು ಬಿಡದೆ, ಆ ಚಾಲಕನ ಜೊತೆ ಎರಡು ಮಾತಾಡಲು ಬರುತ್ತೆ. ಅವನು ಹೆಸರು ಹೇಳಿ ಸುಮ್ಮನಾದದ್ದು ನಾನು ಏನಾದರೂ ಕೇಳ್ತೀನಿ ಅಂತಲೋ ಏನೋ. ನಾನು "ಹೌದಾ, ಅಲ್ಲಿಂದ ವ್ಯೂ ಚೆನ್ನಾಗಿದೆಯಾ?" ಅಂತ ಕೇಳಿದ್ದೆ.

ಹೌದು, ಹಾಗೇ ಕೇಳಿದ್ದೆ. ಈ ಎರಡು ವಾರ ಬರೆಯಲಾಗದೆ ಇದ್ದದ್ದು ಇದನ್ನು ಹೇಳಿಕೊಳ್ಳಲಾಗದೆ.

ಮುನ್ನಾರಿನಲ್ಲಿ ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ. 2006ರಲ್ಲಿ ಅರಳಿತ್ತು. 2018ರಲ್ಲಿ ಅರಳುವ ಹೊತ್ತಿಗೇ ಪ್ರವಾಹ ಬಂತು. ಇನ್ನು ಬರುವುದು 2030ಕ್ಕೆ. ಬದುಕಿದ್ದರೆ ಹೋಗಬೇಕು ಅಂತಿದೆ. ಆ ಹುಡುಗನ ನಂಬರ್ ಇಟ್ಟುಕೊಂಡಿದ್ದೇನೆ. ಮುಂದಿನ ಸಲ ಮೊದಲು ಪೆಟ್ಟಿಮುಡಿ ಕಡೆ ಕರೆದುಕೊಂಡು ಹೋಗು ಅಂತ ಹೇಳಬೇಕು. ಅದಕ್ಕೂ ಮುಂಚೆ ಊರಿಗೆ ಹೋದಾಗ ನಮ್ಮ ಲೈನಿನ ಬಾಗಿಲು ತಟ್ಟಬೇಕು. ನಲವತ್ತು ಮೀಟರ್ ದೂರ ಅಷ್ಟೇ.

ಫೋಟೋಗಳನ್ನು ಮುಂದಿನ ವಾರ ಹಾಕ್ತೀನಿ. ನಿಮ್ಮೂರಲ್ಲಿ ಲೈನಿಗೆ ಏನಂತಾರೆ? ಒಳಗೆ ಹೋಗಿದ್ದೀರಾ? ಹೇಳಿ.